ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗ್ನಿಶಾಮಕರ ಪಿಂಚಣಿ ಎಲ್ಲಿ ಸೋರುತ್ತದೆ?

ಪ್ರಶ್ನೆ: ನಾನು ಪ್ರಮುಖ ಅಗ್ನಿಶಾಮಕ. 1998ರ ಜುಲೈ 1ರಂದು ಇಲಾಖೆಗೆ ಸೇರಿದೆ. 2027ರ ಜೂನ್ 30ಕ್ಕೆ ನಿವೃತ್ತಿ. ನಡುವೆ ಒಂದು ವರ್ಷ ಗೈರುಹಾಜರಿ ಎಂದು ದಾಖಲಾಗಿದೆ. ಪಿಂಚಣಿ ಎಷ್ಟು ಕಡಿಮೆಯಾಗುತ್ತದೆ? ಹೆಚ್ಚಿಸಿಕೊಳ್ಳುವ ದಾರಿ ಇದೆಯೇ?
— ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ರಾಜ್ಯದಲ್ಲಿ ಹೊಸ ಪಿಂಚಣಿ ಯೋಜನೆ ಜಾರಿಯಾದ 2006ರ ಏಪ್ರಿಲ್ 1ಕ್ಕೆ ಮೊದಲೇ ಸೇರಿದ್ದರಿಂದ ನಿಮಗೆ ಹಳೇ ಪಿಂಚಣಿಯೇ ಅನ್ವಯ. 30 ವರ್ಷದ ಅರ್ಹತಾದಾಯಕ (ಪಿಂಚಣಿಗೆ ಲೆಕ್ಕವಾಗುವ) ಸೇವೆಗೆ ಕೊನೆಯ ಮೂಲ ವೇತನದ ಅರ್ಧ, ಅದಕ್ಕಿಂತ ಕಡಿಮೆಯಾದರೆ ಅನುಪಾತದಲ್ಲಿ. ಕೊನೆಯ ಮೂಲ ವೇತನ ₹60,000 ಎಂದಿಟ್ಟುಕೊಳ್ಳಿ. 29 ವರ್ಷಕ್ಕೆ ₹29,000, ಗೈರುಹಾಜರಿಯ ಒಂದು ವರ್ಷವನ್ನು ಲೆಕ್ಕದಿಂದ ತೆಗೆದರೆ ₹28,000. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಅಂದರೆ ಆ ಒಂದು ವರ್ಷಕ್ಕಾಗಿ ಬದುಕಿರುವವರೆಗೆ ತಿಂಗಳಿಗೆ ಸಾವಿರ ರೂಪಾಯಿ ಬಿಟ್ಟುಕೊಟ್ಟ ಹಾಗೆ.

ಆದ್ದರಿಂದ ಮೊದಲು ಸೇವಾ ಪುಸ್ತಕ ತರಿಸಿಕೊಂಡು ನೋಡಿ. ಆ ಅವಧಿಗೆ ‘ಡೈಸ್ ನಾನ್’ (ಸೇವೆಯಾಗಿ ಲೆಕ್ಕಕ್ಕಿಲ್ಲದ ಅವಧಿ) ಎಂದು ಆದೇಶವೇ ಆಗಿದೆಯೋ, ಅಥವಾ ಯಾರೂ ತೀರ್ಮಾನಿಸದೆ ಹಾಗೇ ಉಳಿದಿದೆಯೋ? ಎರಡನೆಯದಾದರೆ ಕೆಲಸ ಸುಲಭ. ಅಂದಿನ ವೈದ್ಯಕೀಯ ದಾಖಲೆ, ರಜೆ ಅರ್ಜಿಯ ಪ್ರತಿ ಸೇರಿಸಿ, ರಜೆ ಮಂಜೂರು ಮಾಡುವ ಅಧಿಕಾರಿಗೆ ಸಕ್ರಮಗೊಳಿಸುವಂತೆ ಈಗಲೇ ಬರೆಯಿರಿ. ಶಿಸ್ತುಕ್ರಮದ ಭಾಗವಾಗಿ ಆದೇಶ ಆಗಿದ್ದರೆ ಮೇಲ್ಮನವಿಯೇ ದಾರಿ. ನಿವೃತ್ತಿಯಾದ ಮೇಲೆ ಓಡಾಡಿದರೆ ಕಡತ ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಅಗ್ನಿಶಾಮಕ ಠಾಣೆಗಳಲ್ಲಿ ಇನ್ನೊಂದು ಸೋರಿಕೆ ಇದೆ. ಒಂದು ಠಾಣೆಯಿಂದ ಬಿಡುಗಡೆಯಾಗಿ ಇನ್ನೊಂದಕ್ಕೆ ಹಾಜರಾದ ನಡುವಿನ ದಿನಗಳು. ಬಿಡುಗಡೆ ವರದಿ ಇರುತ್ತದೆ, ಹಾಜರಿ ವರದಿಯೂ ಇರುತ್ತದೆ, ಸೇರಿಕೆ ಕಾಲದ (ಹೊಸ ಠಾಣೆಗೆ ಹಾಜರಾಗಲು ಸಿಗುವ ಅವಧಿಯ) ನಮೂದು ಮಾತ್ರ ಇರುವುದಿಲ್ಲ. ಆಗ ಪಿಂಚಣಿ ಪ್ರಸ್ತಾವ ಅದನ್ನು ಪರಿಶೀಲಿಸುವ ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆಯೊಂದಿಗೆ ವಾಪಸ್ ಬರಬಹುದು. ಪ್ರತಿ ವರ್ಗಾವಣೆಯ ಎರಡೂ ದಿನಾಂಕಗಳನ್ನು ಪಕ್ಕಪಕ್ಕ ಬರೆದು ತಾಳೆ ನೋಡಿ.

ಇನ್ನು ನಿಮ್ಮ ನಿವೃತ್ತಿ ಜೂನ್ 30, ವಾರ್ಷಿಕ ವೇತನ ಬಡ್ತಿ (ಇನ್‌ಕ್ರಿಮೆಂಟ್) ಜುಲೈ 1. ಮೊದಲು ಇಂಥವರಿಗೆ ಆ ಬಡ್ತಿ ಒಂದೇ ದಿನದಲ್ಲಿ ತಪ್ಪುತ್ತಿತ್ತು. ವರ್ಷವಿಡೀ ದುಡಿದು ಗಳಿಸಿದ ಬಡ್ತಿಯನ್ನು ಮರುದಿನ ನಿವೃತ್ತರೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 11ರಂದು ತೀರ್ಪು ಕೊಟ್ಟಿತು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ನೌಕರರ ಪ್ರಕರಣ ಅದು. ಬಡ್ತಿ ₹1,500 ಎಂದಾದರೆ, ಪೂರ್ಣ ಸೇವೆ ಇದ್ದವರಿಗೆ ಮೂಲ ಪಿಂಚಣಿ ₹750 ಏರುತ್ತದೆ. ಪಿಂಚಣಿ ಪತ್ರಗಳ ಜೊತೆಗೇ ಲಿಖಿತವಾಗಿ ಕೇಳಿ.

ಪ್ರಶ್ನೆ: ನಾನು ತೀರ್ಪಿಗೆ ಮೊದಲೇ, ಜೂನ್ 30ರಂದೇ ನಿವೃತ್ತನಾದವನು. ಕೋರ್ಟಿಗೆ ಹೋಗಿರಲಿಲ್ಲ. ಬಾಕಿ ಸಿಗುತ್ತದೆಯೇ?

ಉತ್ತರ: ನಿಮ್ಮಂಥವರಿಗೆ ಒಂದು ವೇತನ ಬಡ್ತಿ ಸೇರಿಸಿದ ಪಿಂಚಣಿ 2023ರ ಮೇ 1ರಿಂದ ಮಾತ್ರ, ಅದಕ್ಕೂ ಹಿಂದಿನ ಬಾಕಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ಪ್ರಶ್ನೆ: 24 ವರ್ಷದಿಂದ ಅಗ್ನಿಶಾಮಕನಾಗಿಯೇ ಇದ್ದೇನೆ, ಹುದ್ದೆಯಲ್ಲಿ ಒಂದೂ ಬಡ್ತಿ ಇಲ್ಲ. ಇದರಿಂದ ಪಿಂಚಣಿಗೂ ಪೆಟ್ಟೇ?

ಉತ್ತರ: ಪೆಟ್ಟು ಖಂಡಿತ, ಏಕೆಂದರೆ ಲೆಕ್ಕ ನಿಂತಿರುವುದು ಕೊನೆಯ ವೇತನದ ಮೇಲೆ. ಆದರೆ ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ 10 ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, 15ಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ (ಎರಡರಲ್ಲೂ ಹುದ್ದೆ ಬದಲಾಗದೆ ವೇತನ ಶ್ರೇಣಿ ಮಾತ್ರ ಏರುತ್ತದೆ), 20, 25 ಮತ್ತು 30 ವರ್ಷಕ್ಕೆ ಒಂದೊಂದು ಹೆಚ್ಚುವರಿ ವೇತನ ಬಡ್ತಿ ಇದೆ. ಇವು ತಾವಾಗಿ ಬರುತ್ತವೆ ಎಂದು ಕೂರಬೇಡಿ. ಪ್ರತಿಯೊಂದಕ್ಕೂ ಆದೇಶ ಬೇಕು, ಸೇವಾ ಪುಸ್ತಕದಲ್ಲಿ ನಮೂದು ಬೇಕು. 20 ವರ್ಷದ್ದು ತಡವಾಗಿ ಮಂಜೂರಾಗಿದ್ದರೆ ಯಾವ ದಿನಾಂಕದಿಂದ ವೇತನ ನಿಗದಿಯಾಗಿದೆ ನೋಡಿ. ಆದೇಶದ ದಿನದಿಂದ ಕೊಟ್ಟು ಕೈತೊಳೆದುಕೊಂಡಿದ್ದರೆ ಅರ್ಹತೆಯ ದಿನದಿಂದ ಮರುನಿಗದಿ ಕೇಳಿ. ಸಮವಸ್ತ್ರ ಭತ್ಯೆಯಂಥವು ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ, ಮೂಲ ವೇತನಕ್ಕೆ ಸೇರಿದ್ದು ಮಾತ್ರ ಉಳಿಯುತ್ತದೆ.

ಪ್ರಶ್ನೆ: 2009ರಲ್ಲಿ ಸೇರಿದ ಚಾಲಕ. ಎನ್‌ಪಿಎಸ್ (ವಂತಿಗೆ ಕಟ್ಟಿ ಕೂಡಿಡುವ ಹೊಸ ಪಿಂಚಣಿ ಯೋಜನೆ). ಮಂಡಿ ನೋವಿನಿಂದ ಸ್ವಯಂ ನಿವೃತ್ತಿ ಯೋಚಿಸುತ್ತಿದ್ದೇನೆ.

ಉತ್ತರ: ಅವಸರ ಬೇಡ. 60ಕ್ಕೆ ವಯೋನಿವೃತ್ತಿಯಾದರೆ ಜಮೆಯ ಶೇ 60ರವರೆಗೆ ಕೈಗೆ ಬರುತ್ತದೆ, ಕನಿಷ್ಠ ಶೇ 40 ವರ್ಷಾಸನಕ್ಕೆ (ಆ ಹಣದಿಂದ ಕೊಳ್ಳುವ ನಿಯಮಿತ ಪಿಂಚಣಿಗೆ) ಹೋಗುತ್ತದೆ. ಮೊದಲೇ ಹೊರಬಂದರೆ ವರ್ಷಾಸನಕ್ಕೆ ಹೋಗಬೇಕಾದ ಪಾಲೇ ಶೇ 80. ಮನೆ ಸಾಲ ತೀರಿಸಲು ಇಡುಗಂಟು ಬೇಕು ಅಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ತೀರ್ಮಾನಿಸುವ ಮೊದಲು ಪ್ರಾನ್ (ನಿಮ್ಮ ಎನ್‌ಪಿಎಸ್) ಖಾತೆಯ ವಿವರಪಟ್ಟಿಯನ್ನು ಎಚ್‌ಆರ್‌ಎಂಎಸ್ (ಸರ್ಕಾರಿ ವೇತನ ತಂತ್ರಾಂಶ) ವೇತನ ಚೀಟಿಯ ಜೊತೆ ತಿಂಗಳು ತಿಂಗಳು ಹೋಲಿಸಿ. ವರ್ಗಾವಣೆ, ನಿಯೋಜನೆಯ ತಿಂಗಳುಗಳಲ್ಲಿ ವಂತಿಗೆ ಕಡಿತವಾಗಿಯೂ ಜಮೆಯಾಗದೆ ಉಳಿದಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ದೀರ್ಘ ಸೇವೆಯ ಅಗ್ನಿಶಾಮಕರಿಗೆ ಹೆಚ್ಚಿನ ಪಿಂಚಣಿ ಕೇಳಿ ಮನವಿ ಸಿದ್ಧಪಡಿಸುತ್ತಿದ್ದೇವೆ. ಪೂರ್ಣ ಪಿಂಚಣಿಗೆ 30ರ ಬದಲು 25 ವರ್ಷ ಸಾಕು ಎಂದು ಕೇಳಿದರೆ ಸರಿಯೇ?

ಉತ್ತರ: ಆ ಬೇಡಿಕೆಯಿಂದ 25 ವರ್ಷಕ್ಕೆ ಬಿಡುವವರಿಗೆ ಲಾಭ: ₹60,000 ವೇತನಕ್ಕೆ ₹25,000 ಇದ್ದದ್ದು ₹30,000 ಆಗುತ್ತದೆ. 32 ವರ್ಷ ದುಡಿದವರಿಗೆ ಸಿಗುವುದು ಸೊನ್ನೆ, ಅವರಿಗೆ ಅರ್ಧ ವೇತನ ಈಗಾಗಲೇ ಇದೆ. ಮನವಿಯ ತಲೆಬರಹ ದೀರ್ಘ ಸೇವೆ, ಒಳಗಿನ ಲೆಕ್ಕ ಬೇಗ ಬಿಡುವವರದ್ದು ಎಂದಾದರೆ ಹಣಕಾಸು ಇಲಾಖೆ ಮೊದಲು ಕೇಳುವುದೇ ಇದನ್ನು.

ಬ್ರಿಟನ್ನಿನ 1992ರ ಅಗ್ನಿಶಾಮಕ ಪಿಂಚಣಿ ಯೋಜನೆ ಇನ್ನೊಂದು ಮಾದರಿ. ಮೊದಲ 20 ವರ್ಷ ವರ್ಷಕ್ಕೆ ವೇತನದ 60ರಲ್ಲಿ 1 ಭಾಗ, ಅಲ್ಲಿಂದಾಚೆ 10 ವರ್ಷ 60ರಲ್ಲಿ 2 ಭಾಗ. 30 ವರ್ಷಕ್ಕೆ 60ರಲ್ಲಿ 40, ಅಂದರೆ ಮೂರನೇ ಎರಡು. ಸೇವೆಯಲ್ಲಿ ಉಳಿದವರಿಗೇ ಹೆಚ್ಚು ಸಿಗುವ ಲೆಕ್ಕ ಇದು. ಆದರೆ ನೌಕರರು ತಮ್ಮ ವೇತನದಿಂದ ಶೇ 11ರಷ್ಟು ಕಟ್ಟುತ್ತಿದ್ದರು. ನಮ್ಮ ಹಳೇ ಪಿಂಚಣಿಯಲ್ಲಿ ನೌಕರರ ವಂತಿಗೆಯೇ ಇಲ್ಲ. ಅಲ್ಲಿ 2015ರಲ್ಲಿ ಯೋಜನೆ ಬದಲಿಸಿ ಹಿರಿಯರನ್ನು ಮಾತ್ರ ಹಳೆಯದರಲ್ಲಿ ಉಳಿಸಿದ್ದು ವಯಸ್ಸಿನ ತಾರತಮ್ಯ ಎಂದು 2018ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಹಾಗಾಗಿ ನಿಮ್ಮ ಮನವಿಯಲ್ಲೂ ಯಾರಿಗೆ ಅನ್ವಯ ಎಂಬುದಕ್ಕೆ ಕಟ್‌ಆಫ್ ದಿನಾಂಕ ಇಟ್ಟರೆ ಅದಕ್ಕೆ ಸಮರ್ಥನೆ ಬರೆದಿಡಿ.

ಅಪಾಯಕ್ಕೆ ಪುರಾವೆ ಬೇಕಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅದು ಇಡೀ ವೃತ್ತಿಯ ಮಾತು. ಒಬ್ಬೊಬ್ಬರ ಪ್ರಕರಣಕ್ಕೆ ಠಾಣಾ ದಿನಚರಿಯೇ ಸಾಕ್ಷಿ: ಯಾವ ಕರೆ, ಎಷ್ಟು ಹೊತ್ತು ಹೊಗೆಯಲ್ಲಿ, ಬಿ.ಎ. ಸೆಟ್ (ಉಸಿರಾಟದ ಉಪಕರಣ) ಹಾಕಿದ್ದರೋ ಇಲ್ಲವೋ.

ಮನವಿಯಲ್ಲಿ 25 ವರ್ಷದ ಬೇಡಿಕೆಯನ್ನು ಎರಡನೆಯದಾಗಿಡಿ. ಮೊದಲನೆಯದು ಕರೆಗೆ ಹೋಗುವ ದರ್ಜೆಗಳಿಗೆ 30 ವರ್ಷದ ನಂತರದ ಪ್ರತಿ ವರ್ಷಕ್ಕೂ ಅರ್ಧ ವೇತನದ ಮೇಲೆ ಒಂದಿಷ್ಟು ಸೇರ್ಪಡೆ ಆಗಿರಲಿ. ಜಿಲ್ಲಾವಾರು ಎಷ್ಟು ಮಂದಿಗೆ ಅನ್ವಯ, ವರ್ಷಕ್ಕೆ ಎಷ್ಟು ಖರ್ಚು ಎಂಬ ಪಟ್ಟಿಯನ್ನೂ ಲಗತ್ತಿಸಿ.