ಮ್ಯೂನಿಕ್ಕೋ ಇಲ್ಮೆನಾವೋ ಎಂದು ಕೇಳಿದ ಮದ್ದೂರಿನ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಬಂದು ನಾಲ್ಕು ದಿನ ಆಯಿತು. ನೀನು ಬರೆದದ್ದು ಇಷ್ಟು: "ಅಕ್ಕ, ಮಂಡ್ಯದಲ್ಲಿ ಬಿಇ ಮೆಕ್ಯಾನಿಕಲ್ ಮುಗಿಸಿದ್ದೀನಿ. ಮಾಸ್ಟರ್ಸ್‌ಗೆ ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ, ಇಲ್ಮೆನಾವ್ ಟೆಕ್ನಿಕಲ್ ಯೂನಿವರ್ಸಿಟಿ ಎರಡರಲ್ಲೂ ಸೀಟು ಸಿಕ್ಕಿದೆ. ಮನೆಯಲ್ಲಿ ಎಲ್ಲರೂ ಮ್ಯೂನಿಕ್ಕೇ ಅಂತಿದ್ದಾರೆ. ಇಲ್ಮೆನಾವ್‌ನಿಂದ ಒಬ್ಬ ಪ್ರೊಫೆಸರ್ ನನ್ನ ಪ್ರಾಜೆಕ್ಟ್ ಬಗ್ಗೆ ಕೇಳಿ ಮೇಲ್ ಮಾಡಿದ್ದಾರೆ, ಇನ್ನೂ ಉತ್ತರ ಕೊಟ್ಟಿಲ್ಲ. ಯಾವುದಕ್ಕೆ ಹೋಗಲಿ? ಊಟ, ಚಳಿ, ಪಾರ್ಟ್‌ಟೈಮ್ ಕೆಲಸ ಎಲ್ಲ ಹೇಗೆ?"

"ಇನ್ನೂ ಉತ್ತರ ಕೊಟ್ಟಿಲ್ಲ" ಅಂದಿದ್ದೀಯಲ್ಲ, ಅದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸಣ್ಣವನ್ನು ಮೊದಲು ಮುಗಿಸಿಬಿಡೋಣ. ಜಾಕೆಟ್ ಬೆಂಗಳೂರಲ್ಲಿ ತಗೋಬೇಡ, ಇಲ್ಲಿ ಜರ್ಮನಿಗೆ ಬಂದು ತಗೋ. ಅಕ್ಕಿ, ಬೇಳೆ ಸಿಗುತ್ತವೆ. ರಾಗಿ ಹಿಟ್ಟು ಎರಡು ಕೆಜಿ ತಾ. ಸಾರಿನ ಪುಡಿ ಅಮ್ಮನ ಕೈಯಲ್ಲೇ ಮಾಡಿಸಿಕೋ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಬೇಕು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ ಕೆಲಸ ಮಾಡಬಹುದು. ಅಷ್ಟೇ, ಉಳಿದದ್ದು ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ ಮಾತ್ರ ಅಪ್ಪನ ಜೊತೆ ಕೂತು ಮಾಡು. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೋ ನಿನ್ನ ಕೈಗೆ ಬರುತ್ತದೆ. ಈ ಮೊತ್ತ ಎರಡೂ ಊರಿಗೂ ಒಂದೇ, ಖರ್ಚು ಒಂದೇ ಅಲ್ಲ. ಮ್ಯೂನಿಕ್‌ನಲ್ಲಿ ರೂಮಿನ ಬಾಡಿಗೆಗೇ ಅದರಲ್ಲಿ ಮುಕ್ಕಾಲು ಪಾಲು ಹೋಗಬಹುದು. ಅದರ ಮೇಲೆ, 2024ರಿಂದ ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ ನಮ್ಮಂಥ ಹೊರದೇಶದವರಿಂದ ಫೀಸು ತೆಗೆದುಕೊಳ್ಳುತ್ತಿದೆ. ಮಾಸ್ಟರ್ಸ್‌ಗೆ ಹೆಚ್ಚಾಗಿ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ನಾಲ್ಕು ಸೆಮಿಸ್ಟರ್‌ಗೆ 16ರಿಂದ 24 ಲಕ್ಷ. ಫೀಸು ಮಾಫಿ ಇದೆ, ಅರ್ಜಿ ಹಾಕು. ಆದರೆ ಅದು ಸಿಕ್ಕೇ ಸಿಗುತ್ತದೆ ಅಂತ ಗದ್ದೆ ಅಡವಿಡಬೇಡಿ. ಇಲ್ಮೆನಾವ್‌ನಲ್ಲಿ ಕಟ್ಟಬೇಕಾದದ್ದು ಸೆಮಿಸ್ಟರ್‌ನ ಸಣ್ಣ ಶುಲ್ಕ ಅಷ್ಟೇ.

ಗದ್ದೆಯ ಮಾತು ಸುಮ್ನೆ ತೆಗೆಯಲಿಲ್ಲ. 2009ರಲ್ಲಿ ನನಗೂ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ದೊಡ್ಡ ಊರಿನ ದೊಡ್ಡ ಹೆಸರು. ಇನ್ನೊಂದು ಬೆಟ್ಟದ ಕಡೆಯ ಸಣ್ಣ ಊರು. ಅಪ್ಪ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ದೊಡ್ಡ ಊರಿನ ಹೆಸರು ಹೇಳಿಬಿಟ್ಟಿದ್ದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಆಮೇಲೆ ಅದನ್ನು ಬದಲಿಸುವ ಧೈರ್ಯ ನನಗೆ ಬರಲಿಲ್ಲ. ನಾಲೆ ಪಕ್ಕದ 30 ಗುಂಟೆ ಅಡವಿಟ್ಟು ಸಾಲ ತೆಗೆದೆವು.

ಆ ಸಣ್ಣ ಊರಿನ ಪ್ರೊಫೆಸರ್ ಒಬ್ಬರು ನನಗೆ ಮೇಲ್ ಬರೆದಿದ್ದರು. ನಮ್ಮ ಬಿಇ ಪ್ರಾಜೆಕ್ಟ್ ಆಲೆಮನೆ ಒಲೆಯ ಮೇಲೆ. ಕೊಪ್ಪರಿಗೆ ಕೆಳಗೆ ಉರಿಯುವ ಕಬ್ಬಿನ ಸಿಪ್ಪೆಯ ಶಾಖದಲ್ಲಿ ಎಷ್ಟು ಹಾಲಿಗೆ ಹೋಗುತ್ತದೆ, ಎಷ್ಟು ಹೊಗೆಯಲ್ಲಿ ಹಾಳಾಗುತ್ತದೆ ಅಂತ ಮೂವರು ಗೆಳತಿಯರು ಅಳೆದಿದ್ದೆವು. (ಹಾಲು ಅಂದರೆ ಕಬ್ಬಿನ ಹಾಲು, ನಿನಗೆ ಹೇಳಬೇಕಾಗಿಲ್ಲ.) ಅರ್ಜಿಯಲ್ಲಿ ಅದನ್ನು ಎರಡು ಸಾಲು ಬರೆದಿದ್ದೆ. ಅವರು ಅದನ್ನೇ ಹಿಡಿದು ಕೇಳಿದ್ದರು: ಚಿಮಣಿಯಲ್ಲಿ ಹೊಗೆ ಎಷ್ಟು ಬಿಸಿ ಇತ್ತು? ಅಳೆದಿದ್ದೀರಾ? ನಾವೂ ಇಲ್ಲಿ ಒಂದು ಒಲೆ ಕಟ್ಟುತ್ತಿದ್ದೇವೆ, ಬನ್ನಿ, ಜೊತೆಗೆ ಕೂತು ನೋಡೋಣ.

ನೂರಡಿ ರಸ್ತೆಯ ಬ್ರೌಸಿಂಗ್ ಸೆಂಟರ್‌ನಲ್ಲಿ ಅದರ ಪ್ರಿಂಟ್ ತೆಗೆಸಿದೆ. ಬಸ್ಸಿನಲ್ಲಿ ಎರಡು ಸಲ ಓದಿದೆ. ಫೈಲಿನಲ್ಲಿಟ್ಟೆ. ಹೋಗದ ಕಡೆಗೆ ಏನಂತ ಬರೆಯೋದು ಅನಿಸಿತು. ಬರೆಯಲಿಲ್ಲ.

ನಮ್ಮ ಕಡೆ ದೊಡ್ಡವರ ಮುಖಕ್ಕೆ "ಆಗಲ್ಲ" ಅನ್ನೋದಿಲ್ಲ ಅಲ್ವಾ? ಸುಮ್ಮನಾಗಿಬಿಡುತ್ತೇವೆ. ಅವರೂ ಅರ್ಥ ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದ್ದನ್ನು ಕೇಳೋದಕ್ಕೂ ಹಿಂಜರಿಯುತ್ತೇವೆ, ಮೇಷ್ಟ್ರೇ ಕರೆದು ಕೇಳಲಿ ಅಂತ ಕಾಯುತ್ತೇವೆ. ಇಲ್ಲಿ ಯಾರೂ ಕರೆಯುವುದಿಲ್ಲ. ನೀನು ಸುಮ್ಮನಿದ್ದರೆ ನಿನಗೆ ಏನೂ ಬೇಕಾಗಿಲ್ಲ ಅಂದುಕೊಳ್ಳುತ್ತಾರೆ. ಅದರಲ್ಲಿ ಕೆಟ್ಟ ಮನಸ್ಸಿಲ್ಲ, ಅವರ ಮರ್ಯಾದೆಯ ರೀತಿಯೇ ಅದು. ಇದು ತಿಳಿಯೋದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ದೊಡ್ಡ ಯೂನಿವರ್ಸಿಟಿಯಲ್ಲಿ ಒಂದು ಕ್ಲಾಸಿಗೆ ನಾನೂರು ಜನ ಇದ್ದೆವು. ಹೀಟ್ ಟ್ರಾನ್ಸ್‌ಫರ್ ಪೇಪರ್‌ನಲ್ಲಿ ಎರಡು ಸಲ ಫೇಲಾದೆ. ಒಲೆಯ ಶಾಖ ಅಳೆದು ಬಂದವಳು ಅದೇ ವಿಷಯದಲ್ಲಿ ಫೇಲಾದೆ. ಇಲ್ಲಿ ಬಹಳ ಕಡೆ ಮೂರನೇ ಸಲ ಫೇಲಾದರೆ ಆ ಕೋರ್ಸೇ ಮುಗಿದ ಹಾಗೆ. ಪಾಠದ ಅಸಿಸ್ಟೆಂಟ್ ರೂಮಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ಮಂಗಳವಾರ, 2ರಿಂದ 3. ವಿದ್ಯಾರ್ಥಿಗಳು ಬಂದು ಕೇಳುವ ಹೊತ್ತು ಅದು. ನಾನು ಎಷ್ಟೋ ಮಂಗಳವಾರ ಆ ಕಾರಿಡಾರ್‌ವರೆಗೆ ಹೋಗಿ, ಆ ಚೀಟಿ ಓದಿ, ಒಳಗೆ ಮಾತು ಕೇಳಿಸಿದರೆ ತೊಂದರೆ ಕೊಡೋದು ಬೇಡ ಅಂತ ವಾಪಸ್ ಬಂದಿದ್ದೇನೆ. ಸಂಜೆ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಬಾಡಿಗೆ ಕಟ್ಟಬೇಕಿತ್ತು.

ಮೂರನೇ ಪರೀಕ್ಷೆಗೆ ಮೂರು ವಾರ ಇದ್ದಾಗ ಬಾಗಿಲು ತಟ್ಟಿದೆ. ಆತ ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಕುರ್ಚಿ ಎಳೆದು ಕೊಟ್ಟ. ನಾನು ತಪ್ಪುತ್ತಿದ್ದದ್ದು ಎಲ್ಲಿ ಅಂತ ಇಪ್ಪತ್ತು ನಿಮಿಷದಲ್ಲಿ ತೋರಿಸಿದ. ಆಮೇಲೆ ಕೇಳಿದ, "ಎರಡು ವರ್ಷದಿಂದ ಇಲ್ಲೇ ಇದ್ದೀಯಾ? ಮೊದಲೇ ಯಾಕೆ ಬರಲಿಲ್ಲ?" ನನಗೆ ಅಳು ಬಂತು. ಆ ಪೇಪರ್‌ನಲ್ಲಿ 4.0 ಬಂತು. ಇಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಪಾಸಾಗಲು ಬೇಕಾದಷ್ಟು. ಎರಡು ವರ್ಷದ ಕೋರ್ಸು ಮೂರೂವರೆ ವರ್ಷ ಆಯಿತು. ಗದ್ದೆ ಬಿಡಿಸಿಕೊಂಡದ್ದು 2016ರಲ್ಲಿ. ಈಗ ಶ್ಟುಟ್‌ಗಾರ್ಟ್ ಹತ್ತಿರ ಒಳ್ಳೆಯ ಕೆಲಸದಲ್ಲಿದ್ದೇನೆ, ಮನೆ ಮಾಡಿಕೊಂಡಿದ್ದೇನೆ. ಬಂದದ್ದಕ್ಕೆ ಬೇಸರವಿಲ್ಲ, ಹೆಮ್ಮೆಯೇ ಇದೆ. ಆ ಮೇಲ್ ಒಂದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

2017ರಲ್ಲಿ ಆ ಪ್ರೊಫೆಸರ್‌ಗೆ ಬರೆದೆ. ವಿಳಾಸ ಈಗ ಇಲ್ಲ ಅಂತ ಮೇಲ್ ವಾಪಸ್ ಬಂತು. ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಅಟ್ಟದಿಂದ ಪ್ರಾಜೆಕ್ಟ್ ನೋಟ್‌ಬುಕ್ ಇಳಿಸಿದೆ. ಅವರು ಕೇಳಿದ ಸಂಖ್ಯೆ ಮೂರನೇ ಪುಟದಲ್ಲೇ ಇತ್ತು, ಪೆನ್ಸಿಲ್‌ನಲ್ಲಿ, ಬೆಲ್ಲದ ಕೈ ಮುಟ್ಟಿದ ಕಲೆಯ ಸಮೇತ.

ಮ್ಯೂನಿಕ್ ಬೇಡ ಅನ್ನುತ್ತಿಲ್ಲ. 1868ರ ಯೂನಿವರ್ಸಿಟಿ, ಐವತ್ತು ಸಾವಿರಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು. ಬಿಎಂಡಬ್ಲ್ಯು, ಸೀಮೆನ್ಸ್ ಎರಡರ ಮುಖ್ಯ ಕಚೇರಿಯೂ ಅದೇ ಊರಲ್ಲಿದೆ. ಫೀಸು ಮಾಫಿ ಆದರೆ, ನಿನಗೆ ಬೇಕಾದ ವಿಷಯ ಅಲ್ಲೇ ಚೆನ್ನಾಗಿದ್ದರೆ, ಧೈರ್ಯವಾಗಿ ಹೋಗು. ಮೊದಲ ಮಂಗಳವಾರವೇ ಬಾಗಿಲು ತಟ್ಟು. ಮಾಫಿ ಆಗದಿದ್ದರೆ ನನ್ನ ಓಟು ಇಲ್ಮೆನಾವ್‌ಗೆ. ತುರಿಂಗಿಯಾ ಕಾಡಿನ ಅಂಚಿನಲ್ಲಿರುವ, ನಿಮ್ಮ ಮದ್ದೂರಿನಷ್ಟೇ ಊರು. ಇಂಗ್ಲಿಷ್‌ನಲ್ಲೇ ದಿನ ತಳ್ಳೋದು ಅಲ್ಲಿ ಕಷ್ಟ, ಜರ್ಮನ್ ಕಲಿಯಲೇಬೇಕಾಗುತ್ತದೆ. ಮುಂದೆ ಕೆಲಸ ಹುಡುಕುವಾಗ ಅದೇ ಕೈ ಹಿಡಿಯುತ್ತದೆ. ಓದು ಮುಗಿದ ಮೇಲೆ ಕೆಲಸ ಹುಡುಕೋದಕ್ಕೆ ಎಲ್ಲರಿಗೂ ಸಿಗೋದು 18 ತಿಂಗಳು. ಅಪ್ಪ ಹೆಸರಿನ ಮಾತು ಎತ್ತಿದರೆ ಫೋನ್ ಕೊಡು, ನಾನು ಮಾತಾಡುತ್ತೇನೆ.

ಎಲ್ಲಿಗೆ ಹೋಗೋದು ಅನ್ನೋದನ್ನು ಈ ವಾರ ಯೋಚನೆ ಮಾಡು. ಆ ಪ್ರೊಫೆಸರ್‌ಗೆ ಮಾತ್ರ ಇವತ್ತೇ ಬರೆ. ಕೇಳಿದ್ದಕ್ಕೆ ಗೊತ್ತಿದ್ದಷ್ಟು ಉತ್ತರ ಕೊಡು. ಇನ್ನೂ ತೀರ್ಮಾನ ಮಾಡಿಲ್ಲ ಅಂತ ನೇರವಾಗಿ ಹೇಳು, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾಲ್ಕು ಸಾಲು ಸಾಕು. ಕಳಿಸುವ ಮೊದಲು ಯಾರಾದರೂ ನೋಡಲಿ ಅನಿಸಿದರೆ ನನಗೆ ಹಾಕು, ಇಲ್ಲಿನ ರಾತ್ರಿ ಹತ್ತರವರೆಗೂ ನಾನು ಎಚ್ಚರವಾಗೇ ಇರುತ್ತೇನೆ.