ಸೋಗೆ ನಾರುನಾರಾಗಿ ಬಂದರೆ

ಪ್ರಶ್ನೆ: ಹಳೆಯ ಮೇವು ಕತ್ತರಿಸುವ ಯಂತ್ರಕ್ಕೆ ಕಬ್ಬಿನ ಸೋಗೆ ಕೊಟ್ಟರೆ ನಾರುನಾರಾಗಿ ಜಗಿದಂತೆ ಬರುತ್ತದೆ, ರೋಲರ್‌ಗೂ ಸುತ್ತಿಕೊಳ್ಳುತ್ತದೆ. ಬ್ಲೇಡ್ ಸಾಣೆ ಹಿಡಿಸಿದ್ದಾಯಿತು. ಜೋಡಿ ಹಳ್ಳಿಕಾರ್ ಎತ್ತುಗಳಿಗೆ ಸೋಗೆ ಎಷ್ಟು ಹಾಕಬಹುದು?
– ಓದುಗರು, ಮದ್ದೂರು

ಉತ್ತರ: ಸಾಣೆಗಿಂತ ಮೊದಲು ನೋಡಬೇಕಾದ್ದು ಬ್ಲೇಡಿಗೂ ಅಡಿಪಟ್ಟಿಗೂ (ಬ್ಲೇಡಿಗೆ ಎದುರಾಗಿ, ಮೇವು ಹೊರಬರುವ ಬಾಯಿಯಂಚಿನಲ್ಲಿರುವ ಪಟ್ಟಿ) ನಡುವಿನ ಸಂದು. ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದು. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ, ಉದ್ದನೆಯ ಕಾಗದದ ಪಟ್ಟಿಯನ್ನು ಬಾಯಿಯ ಎರಡೂ ತುದಿಯಲ್ಲಿ ಹಿಡಿದು ನೋಡಿ. ಕಚಕ್ಕೆಂದು ತುಂಡಾಗಬೇಕು. ಮಡಚಿಕೊಂಡು ಒಳಗೆ ಹೋದರೆ ಬ್ಲೇಡಿನ ಹಿಂದಿನ ಸೆಟ್ ಬೋಲ್ಟ್ (ಸಂದು ಹೊಂದಿಸುವ ಬೋಲ್ಟ್) ಕಾಲು ಸುತ್ತಿನಂತೆ ಬಿಗಿಮಾಡುತ್ತಾ ಬನ್ನಿ. ಬ್ಲೇಡು ಅಡಿಪಟ್ಟಿಗೆ ಉಜ್ಜಬಾರದು, ಎರಡೂ ಬ್ಲೇಡಿಗೆ ಸಂದು ಒಂದೇ ಇರಬೇಕು. ಅಡಿಪಟ್ಟಿಯ ಅಂಚು ದುಂಡಗಾಗಿದ್ದರೆ ಎಷ್ಟು ಸಾಣೆ ಹಿಡಿದರೂ ದಂಡ. ಎಷ್ಟೋ ಯಂತ್ರಗಳಲ್ಲಿ ಅದನ್ನು ಮಗುಚಿ ಹಾಕಬಹುದು. ಸಾಣೆ ಇಳಿಜಾರಿನ ಬದಿಗೆ ಮಾತ್ರ. ಸಾಣೆಯ ಬಿಸಿಗೆ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ರೋಲರ್ ಹಲ್ಲುಗಳಲ್ಲಿ ಗಟ್ಟಿಯಾದ ಕಬ್ಬಿನ ಅಂಟನ್ನು ಬಿಸಿನೀರಲ್ಲಿ ತಿಕ್ಕಿ, ರೋಲರ್ ಒತ್ತುವ ಸ್ಪ್ರಿಂಗ್ ಸಡಿಲವಿದ್ದರೆ ಬದಲಿಸಿ.

350 ಕಿಲೋ ತೂಗುವ ಎತ್ತಿಗೆ ದಿನಕ್ಕೆ ಹಸಿ ಸೋಗೆ 15 ಕಿಲೋ, ಭತ್ತದ ಹುಲ್ಲು 4 ಕಿಲೋ, ಹಿಂಡಿ ಒಂದು ಕಿಲೋ. ಸೋಗೆಯಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಆದ್ದರಿಂದ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಹೊಸದಾಗಿ ರೂಢಿ ಮಾಡಿಸುವಾಗ ವಾರ, ಹತ್ತು ದಿನ ಹಿಡಿದು ಏರಿಸಿ. ಕತ್ತರಿಸಿದ್ದನ್ನು ಅಂದೇ ಹಾಕಿ ಮುಗಿಸಿ. ರಾಶಿಯೊಳಗೆ ಕೈಯಿಟ್ಟಾಗ ಬಿಸಿ ತಗುಲಿದರೆ, ಮುಗ್ಗಲು ವಾಸನೆ ಬಂದರೆ ಅದು ತಿಪ್ಪೆಗೆ.