ಹೋದ ಸಲ ಇಂಜೆಕ್ಷನ್ ತಗೊಂಡೇ ಜ್ವರ ಬಂತು, ಮತ್ತೆ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಾನು 11 ವರ್ಷದಿಂದ ನರ್ಸ್. ಹೋದ ವರ್ಷ ಆಸ್ಪತ್ರೆಯಲ್ಲಿ ಫ್ಲೂ ಇಂಜೆಕ್ಷನ್ ಕೊಟ್ಟರು. ಮಾರನೇ ದಿನವೇ ಮೈಕೈ ನೋವು, ಸಣ್ಣ ಜ್ವರ. ಎರಡು ತಿಂಗಳಾದ ಮೇಲೆ ನೆಗಡಿ, ಕೆಮ್ಮೂ ಬಂತು. ಈಗ ಮತ್ತೆ ಹಾಕಿಸಿಕೊಳ್ಳಿ ಅಂತಿದ್ದಾರೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಬೇಕೇಬೇಕಾ?

ಉತ್ತರ: ಹಾಕಿಸಿಕೊಳ್ಳಿ ಸಿಸ್ಟರ್. ನಿಮಗೆ ಬಂದ ಜ್ವರ ಫ್ಲೂ ಅಲ್ಲ. ಆ ಇಂಜೆಕ್ಷನ್‌ನಲ್ಲಿ ಇರೋದು ಸತ್ತ ವೈರಸ್, ಇಲ್ಲವೇ ಅದರ ಚೂರುಗಳು. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋವು, ಮೈ ಬಿಸಿ ಒಂದೆರಡು ದಿನ ಇದ್ದು ಹೋಗುತ್ತದೆ. ಆಮೇಲೆ ಬಂದ ನೆಗಡಿ ಬೇರೆ ವೈರಸ್ಸಿನದೂ ಇರಬಹುದು. ನೆಗಡಿ ತರುವ ವೈರಸ್‌ಗಳು 200ಕ್ಕೂ ಜಾಸ್ತಿ ಇವೆ, ಈ ಲಸಿಕೆ ತಡೆಯುವುದು ಫ್ಲೂ ಒಂದನ್ನೇ. ಅದನ್ನೂ ಪೂರ್ತಿ ತಡೆಯುವುದಿಲ್ಲ, ಸುಮ್ನೆ ಮುಚ್ಚಿಡೋದಿಲ್ಲ: ಆಗ ಹರಡುತ್ತಿರುವ ಫ್ಲೂ ವೈರಸ್‌ಗೆ ಲಸಿಕೆ ಚೆನ್ನಾಗಿ ಹೊಂದಿಕೆಯಾದ ವರ್ಷದಲ್ಲೂ ಫ್ಲೂ ಬಂದು ಡಾಕ್ಟರ ಹತ್ತಿರ ಹೋಗಬೇಕಾಗುವ ಸಾಧ್ಯತೆ ಶೇ. 40ರಿಂದ 60ರಷ್ಟು ಕಡಿಮೆಯಾಗುತ್ತದೆ, ಅಷ್ಟೇ.

ಆದರೆ ನಿಮ್ಮ ಕೆಲಸ ನೋಡಿ. ಹಾಸಿಗೆ ಹಿಡಿದ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ ಬೆಡ್‌ಶೀಟ್ ಬದಲಿಸುತ್ತೀರಿ, ಆಗ ಅವರ ಮುಖ ನಿಮ್ಮ ಹೆಗಲ ಹತ್ತಿರವೇ ಇರುತ್ತದೆ, ನಿಮ್ಮ ಉಸಿರು ನೇರ ಅವರಿಗೆ. ಫ್ಲೂ ಹರಡಲು ಶುರುವಾಗೋದು ಕೆಮ್ಮು ಬರುವ ಒಂದು ದಿನ ಮೊದಲೇ. ಕೆಲವರಿಗೆ ಕೆಮ್ಮು, ಜ್ವರ ಏನೂ ಬರೋದೇ ಇಲ್ಲ. ನೀವು ಗಟ್ಟಿಮುಟ್ಟಾಗಿರೋದೇ ಇಲ್ಲಿ ತೊಡಕು, ಅಲ್ವಾ? ಗೊತ್ತೇ ಆಗದೆ ಡ್ಯೂಟಿ ಮುಗಿಸಿರುತ್ತೀರಿ. ಅಜ್ಜಿಗೂ ಲಸಿಕೆ ಹಾಕಿಸಿರಬಹುದು, ಆದರೆ ವಯಸ್ಸಾದ ಮೈಯಲ್ಲಿ ಅದು ಅಷ್ಟಾಗಿ ಹಿಡಿಯುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ಸಿಬ್ಬಂದಿಯನ್ನು ಮೊದಲು ಲಸಿಕೆ ಕೊಡಬೇಕಾದವರ ಪಟ್ಟಿಯಲ್ಲಿ ಇಟ್ಟಿದೆ.

ವರ್ಷವರ್ಷವೂ ಯಾಕೆ ಅಂದರೆ, ಈ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಹಳೇ ಲಸಿಕೆಯ ಬಲವೂ ಇಳಿದಿರುತ್ತದೆ. ಇಂಜೆಕ್ಷನ್ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು, ಹಾಗಾಗಿ ವಾರ್ಡ್ ತುಂಬುವವರೆಗೆ ಕಾಯಬೇಡಿ. ವೀಕ್ಲಿ ಆಫ್ ಹಿಂದಿನ ದಿನ ಹಾಕಿಸಿಕೊಂಡರೆ ತೋಳು ನೋವಿದ್ದರೂ ಸುಧಾರಿಸಿಕೊಳ್ಳಬಹುದು. ಹಿಂದೆ ಯಾವುದಾದರೂ ಲಸಿಕೆಯಿಂದ ಉಸಿರು ಕಟ್ಟುವಂಥ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.

ಲಸಿಕೆ ಆಗಿದೆ ಅಂತ ಜ್ವರ ಇಟ್ಟುಕೊಂಡು ಡ್ಯೂಟಿಗೆ ಮಾತ್ರ ಹೋಗಬೇಡಿ. ಬದಲಿ ಸಿಗೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು, ಆದರೂ ರಜೆ ಕೇಳಿ. ಹಾಗೇ, ನಿಮ್ಮ ವಾರ್ಡಿನ ಆಯಾಗಳು, ಸ್ಟ್ರೆಚರ್ ತಳ್ಳುವವರು, ನೆಲ ಒರೆಸುವವರ ಹೆಸರೂ ಲಸಿಕೆ ಲಿಸ್ಟಿನಲ್ಲಿದೆಯಾ ನೋಡಿ. ಎಷ್ಟೋ ಕಡೆ ಅವರನ್ನು ಮರೆತೇಬಿಡುತ್ತಾರೆ.